ರಾಜನ ಪಕ್ಕದ ಡಬ್ಬಿ

ಪಾತ್ರೆ ಕೊಟ್ಟವರು ಅದನ್ನು ವಾಪಸ್ ಕೇಳಬಾರದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದರೂ ನಾನು ಕೇಳಲಿಲ್ಲ. ಕೇಳದೆ ಒಳಗೊಳಗೇ ಕುದಿದೆ. ಕುದಿಯುವುದರಲ್ಲಿ ನಾನು ಎತ್ತಿದ ಕೈ, ಬೇಕಾದರೆ ನನ್ನ ಗಂಡನನ್ನು ಕೇಳಿ ನೋಡಿ.

ಪಾತ್ರೆಯೆಂದರೆ ಬೆಳ್ಳಿಯದೇನಲ್ಲ, ಮುಚ್ಚಳವಿದ್ದ ಒಂದು ಸ್ಟೀಲ್ ಡಬ್ಬಿ. ನಾನು ಡಾಕ್ಟರಾಗಿ ಇಂಗ್ಲೆಂಡಿಗೆ ಹೊರಟಾಗ ಅಮ್ಮ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಕೊಂಡು, ಅಂಗಡಿಯವನ ಕೈಲಿ ಅಲ್ಲೇ ಟಕಟಕ ಕುಟ್ಟಿಸಿ, ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಹೆಸರು ಹಾಕಿಸಿದಳು. ನನ್ನ ಹೆಸರಲ್ಲ, ತನ್ನದು.

"ತಗೊಂಡು ಹೋಗೋಳು ನಾನು, ನಿನ್ನ ಹೆಸರು ಯಾಕಮ್ಮಾ?" ಎಂದು ರೇಗಿದೆ.

"ನಿನ್ನ ಹೆಸರು ನಿನಗೆ ಗೊತ್ತಿರತ್ತೆ ಕಣೇ. ನನ್ನದು ಮರೆತುಬಿಟ್ರೆ?" ಎಂದಳು.

ಅಮ್ಮ ಹೋದ ಮೇಲೆ ನನ್ನ ಪಾಲಿಗೆ ಬಂದ ರೇಷ್ಮೆ ಸೀರೆ ಬೀರುವಿನಲ್ಲೇ ಮಡಿಕೆ ಮಡಿಕೆಗೆ ಬಿರಿದುಹೋಯಿತು. ಲಂಡನ್ನಿನಲ್ಲಿ ಅಮ್ಮನದು ಅಂತ ನನಗೆ ಉಳಿದದ್ದು ಆ ಡಬ್ಬಿಯೊಂದೇ. ಅದು ಪಕ್ಕದ ಮನೆಗೆ ಹೋಗಿ ಕೂತುಬಿಟ್ಟಿತು.

ನಮ್ಮದು ಹ್ಯಾರೋದಲ್ಲಿ ಸೆಮಿ ಮನೆ. ಒಂದೇ ಗೋಡೆ, ಈಚೆ ನಾವು, ಆಚೆ ಅವಳು. ಅವಳು ರೊಮೇನಿಯಾದವಳು, ಹೈಸ್ಟ್ರೀಟಿನ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಐವತ್ತು ದಾಟಿದ ಒಂಟಿ ಹೆಂಗಸು, ಮಗಳು ಸ್ಟ್ರಾಟ್‌ಫರ್ಡಿನ ಫ್ಲ್ಯಾಟೊಂದರಲ್ಲಿ ಇದ್ದಾಳೆ. ನಾನು ರಿಟೈರ್ ಆಗಿದ್ದೆ. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಟ್ಟು ಮಲಗಿಸುವುದೇ ಜೀವಮಾನವೆಲ್ಲ ನನ್ನ ಕೆಲಸವಾಗಿತ್ತು. ಎಚ್ಚರವಿರುವವರ ಜೊತೆ ಮಾತಾಡುವ ಹಸಿವು ನನಗೆ ಆಗ ಶುರುವಾಗಿತ್ತು. ಅವಳಿಗೂ ಮಾತು ಬೇಕಿತ್ತು. ಭಾನುವಾರ ಬೆಳಿಗ್ಗೆ ಇಬ್ಬರೂ ಹ್ಯಾರೋ ಗುಡ್ಡ ಹತ್ತುತ್ತಿದ್ದೆವು. ನಾವು ಆಡುತ್ತಿದ್ದದ್ದು ಇಂಗ್ಲಿಷೇ, ಆದರೆ ನನ್ನ ತಲೆಯೊಳಗೆ ಅವಳು ಯಾವತ್ತೂ ಕನ್ನಡದಲ್ಲೇ ಮಾತಾಡಿದ್ದಾಳೆ. ಇಲ್ಲೂ ಹಾಗೇ ಬರೆಯುತ್ತೇನೆ.

ಮೊದಲ ಸಲ ಮೇಲೆ ಹತ್ತಿ ನಾನು ಏದುಸಿರು ಬಿಡುತ್ತಿದ್ದಾಗ ಅವಳು ಸುತ್ತ ನೋಡಿ, "ಇದನ್ನ ಗುಡ್ಡ ಅಂತೀರಾ? ನಮ್ಮಪ್ಪ ಕೇಳಿದ್ರೆ ನಿಮ್ಮನ್ನ ಫೇಲ್ ಮಾಡ್ತಿದ್ರು," ಎಂದಳು.

ಅವಳ ಅಪ್ಪ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟರು. ಅವರ ಜಿಲ್ಲೆ ಆರ್ಜೆಶ್. ಅದೇ ಹೆಸರಿನ ನದಿ ಅದರ ನಡುವೆ ಹರಿದು ಕೊನೆಗೆ ಡ್ಯಾನ್ಯೂಬಿಗೆ ಸೇರುತ್ತದೆ. ಇವಳು ಚಿಕ್ಕವಳಿದ್ದಾಗ ಊಟಕ್ಕೆ ಕೂರುವ ಮುಂಚೆ ಜಿಲ್ಲೆಯನ್ನು ಉತ್ತರದಿಂದ ದಕ್ಷಿಣಕ್ಕೆ ಒಪ್ಪಿಸಬೇಕಿತ್ತಂತೆ, ನಮ್ಮಲ್ಲಿ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ. ಮೇಲೆ ಹಿಮದ ಪರ್ವತಸಾಲು, ದೇಶದ ಅತಿ ಎತ್ತರದ ಶಿಖರ ಅಲ್ಲೇ. ಆ ಸಾಲನ್ನು ದಾಟುವ ರಸ್ತೆ ಬೇಸಿಗೆಯಲ್ಲಿ ಮಾತ್ರ ತೆರೆಯುತ್ತದೆ. ಅದರ ಕೆಳಗೆ ಅಣೆಕಟ್ಟು, ಕಾಡು. ಆಮೇಲೆ ಪ್ಲಮ್ ತೋಟಗಳ ಗುಡ್ಡ, ಕುಂಬಾರರ ಊರು. ಕೊನೆಗೆ ಬಯಲು, ಮೆಕ್ಕೆಜೋಳ, ಕಾರಿನ ಕಾರ್ಖಾನೆ.

ನನಗೆ ದಿಕ್ಕು ತಪ್ಪಿತು. ಅವಳು ಸುಲಭ ಮಾಡಿ ಹೇಳಿದಳು: "ನಮ್ಮ ಮೆಟ್ರೊಪಾಲಿಟನ್ ಲೈನ್ ರೈಲು ಅಂದ್ಕೊಳ್ಳಿ. ಆ ತುದಿ ಆಮರ್ಶಮ್ ಕಡೆ ಬೆಟ್ಟ, ಈ ತುದಿ ಆಲ್ಡ್‌ಗೇಟ್ ಕಡೆ ಬಯಲು. ನಡುವೆ ಹ್ಯಾರೋ ಇರೋ ಕಡೆ ರಾಜರ ಊರು."

ರಾಜರ ಊರು ಎಂದಾಗಲೆಲ್ಲ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಆ ಊರಿನ ಹೆಸರಿಗೇ ಆರ್ಜೆಶಿನ ಆಸ್ಥಾನ ಎಂದರ್ಥ. ಬಹಳ ಹಿಂದೆ ಅದು ಆ ಸೀಮೆಯ ರಾಜಧಾನಿ. ಅಲ್ಲೊಂದು ಚರ್ಚು, ಅದರ ಗೋಪುರಗಳು ಒಗೆದ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿವೆ. ಕಟ್ಟಿದ ಗೋಡೆ ದಿನವೂ ಬೀಳುತ್ತಿತ್ತಂತೆ. ಮೇಸ್ತ್ರಿ ಬಸುರಿ ಹೆಂಡತಿಯನ್ನು ಗೋಡೆಯೊಳಗೆ ಇಟ್ಟು ಕಟ್ಟಿದ ಮೇಲೆ ನಿಂತಿತಂತೆ. "ನಮ್ಮ ಕಡೆ ಕೆರೆಯಲ್ಲಿ ನೀರು ಬರಲಿ ಅಂತ ಸೊಸೇನ ಕೊಟ್ರು. ಗಂಡಸರ ಇಂಜಿನಿಯರಿಂಗು ಎಲ್ಲಾ ಕಡೆ ಒಂದೇ ಬಿಡಿ," ಎಂದೆ. ಅವಳು ನಕ್ಕು ನಕ್ಕು ಬೆಂಚಿನ ಮೇಲೆ ಕೂತಳು.

ರೊಮೇನಿಯಾದ ರಾಜ ರಾಣಿಯರು ಮಣ್ಣಾದದ್ದು ಅದೇ ಊರಲ್ಲಿ. ಮೊದಲನೆಯ ರಾಜ ಜರ್ಮನಿಯಿಂದ ಕರೆಸಿಕೊಂಡವನು. ಅವನ ನಂತರದ ರಾಜನ ಹೆಂಡತಿ ಇದೇ ಇಂಗ್ಲೆಂಡಿನಲ್ಲಿ ಹುಟ್ಟಿದವಳು. "ನೋಡಿ, ನಿಮ್ಮೂರಿನವರು ನಮ್ಮೂರಿಗೆ ಬಂದಿದ್ರು, ಈಗ ನಾನು ಬಂದಿದ್ದೀನಿ, ಲೆಕ್ಕ ಸರಿಹೋಯ್ತು," ಎನ್ನುತ್ತಿದ್ದಳು, ನಾನೇನೋ ಇಲ್ಲಿಯ ಸಂತಾನ ಎಂಬಂತೆ. ಕೊನೆಯ ರಾಜನಿಂದ ಕಮ್ಯುನಿಸ್ಟರು ಸಿಂಹಾಸನ ಬಿಡಿಸಿ ದೇಶದಿಂದ ಕಳಿಸಿದರು. ಜಿಲ್ಲೆಗಳನ್ನೂ ರದ್ದು ಮಾಡಿ, ಕೆಲವು ವರ್ಷ ದೊಡ್ಡ ದೊಡ್ಡ ಪ್ರಾಂತ್ಯಗಳನ್ನು ಮಾಡಿದ್ದರಂತೆ. ಆಮೇಲೆ ಜಿಲ್ಲೆ ವಾಪಸ್ ಬಂತು, ರಾಜ ಬರಲಿಲ್ಲ.

ಊರಲ್ಲಿ ಅವಳ ಅಪ್ಪನ ಮನೆಯ ಗೋಡೆಯ ಮೇಲೆ ಜಿಲ್ಲೆಯ ದೊಡ್ಡ ನಕ್ಷೆ ತೂಗುತ್ತಿತ್ತು. ಅದರ ಬೆನ್ನಿಗೆ ಅಂಟಿಸಿದ್ದು ಕೊನೆಯ ರಾಜನ ಫೋಟೊ. ಮುಂದೆ ಭೂಗೋಳ, ಹಿಂದೆ ಇತಿಹಾಸ. ಪರೀಕ್ಷೆ ಪಾಸಾದ ದಿನ ಅಪ್ಪ ಕಿಟಕಿ ಮುಚ್ಚಿ ನಕ್ಷೆ ತಿರುಗಿಸಿ ತೋರಿಸುತ್ತಿದ್ದರಂತೆ. ಕಾಲ ಬದಲಾಗಿ, ಮುದುಕನಾದ ರಾಜ ದೇಶಕ್ಕೆ ಬಂದುಹೋಗುವಂತಾಯಿತು. ಅವನು ತೀರಿಕೊಂಡಾಗ ಶವಪೆಟ್ಟಿಗೆಯನ್ನು ರೈಲಿನಲ್ಲಿ ಆ ಊರಿಗೆ ತಂದರು. ಅವಳ ಅಪ್ಪ ಚಳಿಯಲ್ಲಿ ಹಳಿಯ ಪಕ್ಕ ಮೋಂಬತ್ತಿ ಹಿಡಿದು ಟೊಪ್ಪಿ ತೆಗೆದು ನಿಂತಿದ್ದರು. "ರೈಲು ನಿಂತಿತಾ?" ಎಂದು ಕೇಳಿದೆ. "ಇಲ್ಲ, ನಿಧಾನ ಮಾಡಿತು. ಅಪ್ಪನಿಗೆ ಅಷ್ಟು ಸಾಕಾಯ್ತು," ಎಂದಳು.

ಆಗ ನಾನೂ ಸುಮ್ಮನಿರದೆ ನಮ್ಮಮ್ಮನ ಕಥೆ ಹೇಳಿದೆ. ಅಮ್ಮ ಲಂಗ ಉಡುವ ಹುಡುಗಿಯಾಗಿದ್ದಾಗ ಸಯ್ಯಾಜಿರಾವ್ ರಸ್ತೆಯ ಒಂದು ಮಹಡಿಯಿಂದ ದಸರಾ ಮೆರವಣಿಗೆ ನೋಡಿದವಳು. ಆಗ ಅಂಬಾರಿಯಲ್ಲಿ ಸಾಕ್ಷಾತ್ ಮಹಾರಾಜರೇ ಕೂರುತ್ತಿದ್ದರು. ಆನೆ ಆ ಮಹಡಿಯ ಎದುರಿಗೆ ಬಂದಾಗ ಮಹಾರಾಜರು ಕತ್ತೆತ್ತಿ ತನ್ನನ್ನೇ ನೋಡಿದರು ಎಂದು ಅಮ್ಮ ಸಾಯುವವರೆಗೂ ಹೇಳಿದಳು. ನಾವು ಮಕ್ಕಳು ಬಿಡುತ್ತಿದ್ದೆವೇ? "ಅಷ್ಟು ಜನದಲ್ಲಿ ನಿನ್ನನ್ನೇ ಹುಡುಕಿ ನೋಡಿದ್ರಾ, ಹೋಗಮ್ಮಾ!" ಎಂದು ಕಾಡುತ್ತಿದ್ದೆವು. "ನೋಡಿದ್ರು ಅಂದ್ರೆ ನೋಡಿದ್ರು. ನಿಮಗೇನು ಹೊಟ್ಟೆಕಿಚ್ಚು?" ಎಂದು ಅಮ್ಮ ಸೌಟು ಎತ್ತುತ್ತಿದ್ದಳು.

ಪಕ್ಕದ ಮನೆಯವಳು ನಗಲಿಲ್ಲ. "ನೋಡಿರ್ತಾರೆ," ಎಂದಳು, ಅಷ್ಟೇ.

ಅಮ್ಮನ ತಿಥಿ ಬಂತು. ಶ್ರಾದ್ಧ ಮಾಡುವವನು ಮೈಸೂರಿನಲ್ಲಿರುವ ಅಣ್ಣ. ಇಲ್ಲಿ ನಾನು ಅಮ್ಮನಿಗೆ ಪ್ರೀತಿಯ ಗಸಗಸೆ ಪಾಯಸ ಮಾಡುತ್ತೇನೆ. ಆ ವರ್ಷ ಒಂದಿಷ್ಟನ್ನು ಬೇಲಿಯಾಚೆಗೂ ಕೊಡೋಣ ಎನಿಸಿತು. ಅಮ್ಮನ ಪಾಯಸ ಅಮ್ಮನ ಡಬ್ಬಿಯಲ್ಲೇ ಹೋಗಲಿ ಎಂದು ನನ್ನ ಹಠ. "ಇವತ್ತು ನಮ್ಮಮ್ಮನ ದಿನ. ಅವಳಿಗೋಸ್ಕರ ಮಾಡಿದ್ದು. ನೋಡಿ, ಇದರ ಮೇಲಿರೋದು ಅವಳದೇ ಹೆಸರು," ಎಂದು ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು, ಚುಕ್ಕಿ ಅಕ್ಷರಗಳ ಮೇಲೆ ಬೆರಳಾಡಿಸಿ, "ಬೋಗ್ದಾಪ್ರೋಸ್ತೆ" ಎಂದು ಅವಳ ಭಾಷೆಯಲ್ಲಿ ಏನೋ ಅಂದು ಒಳಗೆ ಹೋದಳು. ಒಂದು ಥ್ಯಾಂಕ್ಸ್ ಇಲ್ಲ. ನನಗೆ ಅಲ್ಲೇ ಮೂಗಿನ ತುದಿ ಬಿಸಿಯಾಯಿತು.

ವಾರ ಕಳೆಯಿತು, ಡಬ್ಬಿ ಇಲ್ಲ. ತಿಂಗಳಾಯಿತು, ಇಲ್ಲ. ಗುಡ್ಡ ಹತ್ತುವಾಗ ನಾನು ಸುತ್ತಿಬಳಸಿ ಮಾತು ತೆಗೆದೆ. "ನಮ್ಮ ಕಡೆ ಪಾತ್ರೆಗಳ ಮೇಲೆ ಹೆಸರು ಯಾಕೆ ಹಾಕಿಸ್ತೀವಿ ಗೊತ್ತಾ? ಯಾರದು ಅಂತ ಗೊತ್ತಾಗಿ ಮನೆಗೆ ವಾಪಸ್ ಬರಲಿ ಅಂತ." ಅವಳು, "ಎಂಥಾ ಒಳ್ಳೆ ಪದ್ಧತಿ!" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಲ್ಲ? ಇವಳು ಮುಟ್ಟಿಕೊಳ್ಳಲೇ ಇಲ್ಲ.

ಮನೆಗೆ ಬಂದು ಬಾಗಿಲು ದಢಾರನೆ ಹಾಕಿದೆ. ನನ್ನ ಗಂಡ ಧಾರವಾಡದವರು, ಭೂಕಂಪವಾದರೂ ಚಹಾ ಮುಗಿಸಿಯೇ ಏಳುವ ಪೈಕಿ. "ಅಲ್ಲಾ, ಒಂದು ಡಬ್ಬಿ ಸಲುವಾಗಿ ಇಷ್ಟ್ಯಾಕ ಸಿಟ್ಟು? ಹೋಗಿ ಕೇಳಿಬಿಡು, ಮುಗೀತದ," ಎಂದರು.

"ಅಮ್ಮನ ಹೆಸರಲ್ಲಿ ಕೊಟ್ಟು ಪಾತ್ರೆ ಕೊಡಿ ಅಂತ ಕೈ ಚಾಚಲಾ? ಅಮ್ಮನ ಮಾನ ಹೋಗಲ್ವಾ?"

"ಹಂಗಾರ ಸುಮ್ನಿರು."

"ಸುಮ್ನಿರಕ್ಕೆ ಅದೇನು ನಿಮ್ಮಮ್ಮನ ಡಬ್ಬೀನಾ?"

ಅವರು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಎಲೆ ಉದುರುವ ಕಾಲಕ್ಕೆ ಅವಳ ಅಪ್ಪ ತೀರಿಕೊಂಡು ವರ್ಷ ತುಂಬಿತು. ರಜೆ ಸಿಗದೆ ಅವಳಿಗೆ ಊರಿಗೆ ಹೋಗಲಾಗಲಿಲ್ಲ. ಆ ದಿನ ಬೆಳಿಗ್ಗೆ ಕಪ್ಪು ಬಟ್ಟೆ ಉಟ್ಟು ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಹಸಿರು ಕಂದು ಗೆರೆಗಳ ಒಂದು ಮಣ್ಣಿನ ಬಟ್ಟಲು, ಅದರ ಪಕ್ಕದಲ್ಲಿ ಹಚ್ಚಿದ ಮೋಂಬತ್ತಿ. ಬಟ್ಟಲಲ್ಲಿ ಬೇಯಿಸಿದ ಗೋಧಿ, ಸಕ್ಕರೆ, ವಾಲ್‌ನಟ್. "ಅಪ್ಪನಿಗೆ," ಎಂದಳು. "ಬಟ್ಟಲು ನಮ್ಮ ಜಿಲ್ಲೆಯದೇ, ಕುಂಬಾರರ ಊರಿನದು. ಅಪ್ಪ ಇದರಲ್ಲೇ ಸೂಪ್ ಕುಡೀತಿದ್ದದ್ದು." ನನ್ನ ಗಂಡ ಒಂದು ಚಮಚ ಬಾಯಿಗಿಟ್ಟು ಕಣ್ಣರಳಿಸಿದರು. "ಏ, ಇದು ನಮ್ಮ ಗೋಧಿ ಹುಗ್ಗಿನ ನೋಡು! ಬೆಲ್ಲ ಒಂದು ಹಾಕಿಲ್ಲ, ಅಷ್ಟ."

ನನಗೆ ಒಳ್ಳೆಯ ಅವಕಾಶ ಸಿಕ್ಕಿತು. ನಮ್ಮಲ್ಲಿ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತೇವೆ. ನಾನು ಅರಮನೆಗೇ ಸಲ್ಲುವಂಥ ಮೈಸೂರ್ ಪಾಕ್ ಮಾಡಿ, ಬಟ್ಟಲನ್ನು ತಿಕ್ಕಿ ತೊಳೆದು, ತುಂಬ ಜೋಡಿಸಿ, ಮರುದಿನವೇ ಹೋದೆ. ನೋಡು, ಪಾತ್ರೆ ವಾಪಸ್ ಕೊಡುವುದು ಹೀಗೆ, ಕಲಿತುಕೋ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಬೆಲ್ ಒತ್ತಿದೆ.

ಬಟ್ಟಲು ನೋಡಿದವಳ ಮುಖ ಬಿಳಿಚಿಕೊಂಡಿತು. ಕೈ ಮುಂದೆ ಬರಲಿಲ್ಲ.

"ವಾಪಸ್ ತಂದಿರಾ?" ಎಂದಳು. "ಯಾಕೆ? ಅಪ್ಪನಿಗೆ ಇನ್ನು ಯಾವುದರಲ್ಲಿ..." ಕಣ್ಣು ತುಂಬಿತು.

ನಾನು ಕಕ್ಕಾಬಿಕ್ಕಿ. ಅವಳೇ ಸಾವರಿಸಿಕೊಂಡು ಬಿಡಿಸಿ ಹೇಳಿದಳು. ಅವರಲ್ಲಿ ಸತ್ತವರ ಹೆಸರಿನಲ್ಲಿ ಊಟ ಕೊಟ್ಟರೆ ಪಾತ್ರೆಯನ್ನೂ ಸೇರಿಸಿಯೇ ಕೊಡುವುದು. ಇಲ್ಲಿ ಅದು ತೆಗೆದುಕೊಂಡವರ ಮನೆಯಲ್ಲೇ ಉಳಿದರೆ ಪರಲೋಕದಲ್ಲಿ ಸತ್ತವರ ಕೈ ಸೇರುತ್ತದೆ. ಹಿಂದಕ್ಕೆ ಕೊಟ್ಟರೆ ಅವರ ಕೈಯಿಂದ ಕಿತ್ತುಕೊಂಡಂತೆ. ತೆಗೆದುಕೊಂಡವರು ಥ್ಯಾಂಕ್ಸ್ ಹೇಳಬಾರದು, ಬೋಗ್ದಾಪ್ರೋಸ್ತೆ ಎನ್ನಬೇಕು. ಹೋದ ಜೀವವನ್ನು ದೇವರು ಮನ್ನಿಸಲಿ ಎಂದು ಅದರರ್ಥ.

ನೆಲ ಬಾಯಿ ಬಿಡಬಾರದೇ ಎನಿಸಿತು. "ಹಾಗಾದ್ರೆ ನಮ್ಮಮ್ಮನ ಡಬ್ಬಿ?" ಎಂದು ಬಾಯಿಗೆ ಬಂದದ್ದನ್ನು ಕೇಳಿಯೇಬಿಟ್ಟೆ.

"ಬನ್ನಿ," ಎಂದು ಒಳಗೆ ಕರೆದೊಯ್ದಳು.

ಮುಂದಿನ ಕೋಣೆಯ ಮೂಲೆಯಲ್ಲಿ ಒಂದು ಹಲಗೆ. ಅದರ ಮೇಲೆ ಅವರ ದೇವರ ಪಟ, ಅಪ್ಪನ ಫೋಟೊ, ನಕ್ಷೆಯ ಬೆನ್ನಿನಿಂದ ಬಿಡಿಸಿ ತಂದ ರಾಜನ ಫೋಟೊ. ಹರೆಯದ ರಾಜ, ಸಮವಸ್ತ್ರ ತೊಟ್ಟು ಓರೆಯಾಗಿ ನೋಡುತ್ತಿದ್ದಾನೆ. ಅವನ ಪಕ್ಕದಲ್ಲಿ ಅಮ್ಮನ ಡಬ್ಬಿ, ಹೆಸರು ಮುಂದಕ್ಕೆ ಕಾಣುವಂತೆ, ಥಳಥಳ ಉಜ್ಜಿ ಇಟ್ಟಿದ್ದಾಳೆ. ಎದುರಿಗೊಂದು ಪುಟ್ಟ ದೀಪ. ನಾನು ಇಷ್ಟು ದಿನ ಗೋಡೆಯ ಈಚೆ ಹಲ್ಲು ಕಡಿಯುತ್ತಿದ್ದೆ, ಆಚೆ ನನ್ನಮ್ಮನಿಗೆ ದೀಪ ಉರಿಯುತ್ತಿತ್ತು.

"ಹೆಸರು ಬರೆಸಿಯೇ ಕೊಟ್ಟಿರಲ್ಲ," ಎಂದಳು. "ನಮ್ಮವರಿಗಿಂತ ಚೆನ್ನಾಗಿ ನಿಮಗೆ ಪದ್ಧತಿ ಗೊತ್ತು ಅಂದ್ಕೊಂಡೆ." ಅಷ್ಟು ಹೇಳಿ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. "ಅಯ್ಯೋ, ನಿಮಗೆ ಇದು ಬೇಕಿತ್ತು ಅಲ್ವಾ? ಇಷ್ಟು ದಿನ ಕಾಯ್ತಿದ್ರಿ!" ಎನ್ನುತ್ತಾ ಡಬ್ಬಿ ಎತ್ತಿ ನನ್ನ ಕೈಗೆ ಇಟ್ಟಳು.

ಬಟ್ಟಲನ್ನು ಪಕ್ಕದ ಮೇಜಿನ ಮೇಲಿಟ್ಟು ಹಿಡಿದುಕೊಂಡೆ. ಸುಳ್ಳು ಯಾಕೆ ಹೇಳಲಿ, ಎದೆಗೆ ಒತ್ತಿಕೊಂಡು ಓಡಿಬಿಡೋಣ ಎನಿಸಿತು. ಹೆಬ್ಬೆರಳು ತಾನಾಗಿ ಆ ಚುಕ್ಕಿಗಳ ಮೇಲೆ ಹೋಯಿತು. ಅವಳು ಅಳು ತಡೆದುಕೊಂಡು ನಿಂತಿದ್ದಳು. ತನ್ನ ಅಪ್ಪನ ಬಟ್ಟಲನ್ನು ವಾಪಸ್ ತೆಗೆದುಕೊಳ್ಳಲಾರಳು, ನನ್ನ ಅಮ್ಮನ ಡಬ್ಬಿಯನ್ನು ಇಟ್ಟುಕೊಳ್ಳಲಾರಳು. ಹಲಗೆಯ ಮೇಲೆ ಡಬ್ಬಿ ಇದ್ದ ಜಾಗ ಖಾಲಿಯಾಗಿತ್ತು. ಫೋಟೊದೊಳಗಿನ ರಾಜನ ಓರೆನೋಟ ನೇರ ಆ ಖಾಲಿ ಜಾಗದ ಮೇಲೇ ಬಿದ್ದಿತ್ತು. ಆಗ ನನಗೆ ನಗು ಬಂತು, ಅಳುವಿನ ಜೊತೆಯಲ್ಲೇ ಬಂತು. ಡಬ್ಬಿಯನ್ನು ಇದ್ದಲ್ಲೇ ಇಟ್ಟು, ಹೆಸರನ್ನು ಸ್ವಲ್ಪ ಅವನ ಕಡೆಗೆ ತಿರುಗಿಸಿದೆ. ಮೈಸೂರ್ ಪಾಕನ್ನು ಅವಳ ತಟ್ಟೆಗೆ ಸುರಿದು, ಮಣ್ಣಿನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ಬೋಗ್ದಾಪ್ರೋಸ್ತೆ" ಎಂದೆ. ಅವಳು ನನ್ನನ್ನು ತಬ್ಬಿಕೊಂಡಳು.

ಮನೆಗೆ ಬಂದಾಗ ನನ್ನ ಗಂಡ ಚಹಾ ಕುಡಿಯುತ್ತಿದ್ದರು. ಬಟ್ಟಲು ನೋಡಿ ಹುಬ್ಬೇರಿಸಿದರು. "ಇದ್ಯಾಕ ತಿರುಗಿ ಬಂತು? ಡಬ್ಬಿ ಎಲ್ಲದ?"

"ಅಲ್ಲೇ ಇದೆ," ಎಂದೆ. "ರಾಜ ಅವಳನ್ನೇ ನೋಡ್ತಿದ್ದಾನೆ. ಅಮ್ಮ ಬರಲ್ಲ ಅಂದಳು."