ಅಕ್ರೋಟಿನ ಮೇಲಿನ ಮುಖಗಳು

ನಮ್ಮ ಜೆನ್ಸಿ ಸುಳ್ಳು ಹೇಳುವುದರಲ್ಲಿ ಮಹಾ ದಡ್ಡಿ. ಎಪ್ಪತ್ತೊಂದು ವರ್ಷ ಬದುಕಿದರೂ ಅದೊಂದನ್ನು ಕಲಿಯಲಿಲ್ಲ. ಎರಡು ವರ್ಷ ನಾನೇ ಹೇಳಿಕೊಟ್ಟು, ಬೈದು, ಬಲವಂತ ಮಾಡಿ ಹೇಳಿಸಿದೆ. ಹೇಳಲೇಬೇಕಾದ ದಿನ ಬಂದಾಗ ಕೈಕೊಟ್ಟಳು.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರ ಜರ್ಮನಿಯ ಬವೇರಿಯಾದ ನಮ್ಮೂರಲ್ಲಿ, ಚರ್ಚಿನ ಮುಂದಿನ ಚೌಕದಲ್ಲಿ ಸಂತೆ ನೆರೆಯುತ್ತದೆ. ನನ್ನದು ಜೇನು ಬಿಸ್ಕತ್ತಿನ ಅಂಗಡಿ, ಪಕ್ಕದ್ದು ಜೆನ್ಸಿಯ ಬೊಂಬೆ ಅಂಗಡಿ. ಇಪ್ಪತ್ತಾರು ಚಳಿಗಾಲ ಒಂದೇ ಮರದ ಗೋಡೆಯ ಆ ಕಡೆ ಈ ಕಡೆ ಜಗಳವಾಡಿಕೊಂಡೇ ಕಳೆದಿದ್ದೇವೆ. ಅವಳ ಬೊಂಬೆ ಅಂದರೆ ತಂತಿಗೆ ಪೋಣಿಸಿದ ಒಣ ಪ್ಲಮ್ ಹಣ್ಣಿನ ಕೈಕಾಲು, ಅಂಜೂರದ ಹೊಟ್ಟೆ, ಅಕ್ರೋಟಿನ ತಲೆ. ಬಟ್ಟೆ ತೊಡಿಸಿದ ಮೇಲೆ ಕೊನೆಯಲ್ಲಿ ಮುಖ. ಗಿರಾಕಿಯನ್ನು ಒಂದು ಸಲ ನೋಡಿ ಅವಳು ನಾಲ್ಕು ಗೆರೆ ಎಳೆದರೆ ಸಾಕು, ಪಾದ್ರಿ ಪಾದ್ರಿಯೇ, ಕಟುಕ ಕಟುಕನೇ. ಒಮ್ಮೆ ನನ್ನನ್ನೂ ಬರೆದಳು. ಬಾಯಿ ತೆರೆದೇ ಇತ್ತು. ಆರು ದಿನ ಅವಳ ಹತ್ತಿರ ಮಾತು ಬಿಟ್ಟಿದ್ದೆ.

ಮೂರು ವರ್ಷದ ಹಿಂದೆ ಅವಳ ಕಣ್ಣು ಮಬ್ಬಾಗತೊಡಗಿತು. ಪಕ್ಕದಲ್ಲಿ ಓಡಾಡುವವರು ಕಾಣುತ್ತಾರೆ, ನೇರ ನೋಡಿದರೆ ಏನೂ ಇಲ್ಲ. ಹಣ್ಣು ಪೋಣಿಸುವುದು, ಬಟ್ಟೆ ಹೊಲಿಯುವುದು ಬೆರಳಿಗೇ ಗೊತ್ತು. ಮುಖ ಮಾತ್ರ ಆಗಲಿಲ್ಲ. ಸಂತೆ ಸಮಿತಿಯ ನಿಯಮವೋ, ಕೈಕೆಲಸದ ಅಂಗಡಿಯಲ್ಲಿ ಮಾರುವುದನ್ನು ಅಂಗಡಿಯವರೇ ಪೂರ್ತಿ ಮಾಡಿರಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ. ಜೆನ್ಸಿಗೆ ಗಂಡನಿಲ್ಲ, ಮಕ್ಕಳಿಲ್ಲ. ವರ್ಷವಿಡೀ ಒಬ್ಬಳೇ ಅಡುಗೆಮನೆಯಲ್ಲಿ ಕೂತು ಬೊಂಬೆ ಮಾಡುವುದು ಈ ನಾಲ್ಕು ವಾರಕ್ಕಾಗಿಯೇ. ಈ ಅಂಗಡಿಯೂ ಹೋದರೆ ಅವಳು ಬೆಳಿಗ್ಗೆ ಯಾಕಾದರೂ ಏಳಬೇಕು ಹೇಳಿ?

"ಮುಖ ನಾನು ಬರೀತೀನಿ, ನೀನು ಬಾಯಿ ಮುಚ್ಕೊಂಡಿರು," ಅಂದೆ.

"ಅದು ಮೋಸ ಕಣೆ ಗುಡ್ರುನ್."

"ನಿನ್ನ ತಲೆ! ಬಿಸ್ಕತ್ತಿನ ಮೇಲೆ ಸಕ್ಕರೆ ಹೂ ಬಿಡಿಸೋ ಕೈಗೆ ಎರಡು ಕಣ್ಣು, ಒಂದು ಬಾಯಿ ಯಾವ ಮಹಾ?"

ಹೀಗೆ ಎರಡು ಚಳಿಗಾಲ ಊರಿನ ಕಣ್ಣಿಗೆ ಮಣ್ಣೆರಚಿದೆವು. ಗಿರಾಕಿ ಬಂದು ಮುಖ ಬರೆಯಿರಿ ಅಂದರೆ, "ಒಂದು ಲೋಟ ಬಿಸಿ ವೈನ್ ಕುಡಿದು ಬನ್ನಿ, ಬಣ್ಣ ಕಲಸಬೇಕು," ಅಂತ ಜೆನ್ಸಿ ಕಳಿಸುವಳು. ಗೋಡೆಯ ಕೆಳಗಿನ ಸಂದಿಯಿಂದ ಬೊಂಬೆ ನನ್ನ ಕಡೆ ಬರುವುದು.

ಉತ್ತರದ ಬ್ರೆಮೆನ್ ಊರಿನ ಹಾರ್ಮ್ಸ್ ದಂಪತಿ, ಎಗ್ಗರ್ಟ್ ಮತ್ತು ಇಮ್ಕೆ, ಪ್ರತಿ ಡಿಸೆಂಬರಿನಲ್ಲೂ ಎರಡು ದಿನದ ಮಟ್ಟಿಗೆ ಸಂತೆ ನೋಡಲು ರೈಲಿನಲ್ಲಿ ಬರುತ್ತಿದ್ದರು. ಹದಿನೆಂಟು ವರ್ಷ, ವರ್ಷಕ್ಕೊಂದು ಬೊಂಬೆ. ಮೊದಲೆಲ್ಲ ಎಗ್ಗರ್ಟ್ ಮೊಣಕೈ ಊರಿ ನಿಂತು ಜೆನ್ಸಿಯನ್ನು ರೇಗಿಸುತ್ತಿದ್ದ. ಹಿಂದಿನ ಎರಡು ವರ್ಷ ಅದೇನಾಯಿತೋ, ಬೇಕಾದ ಬೊಂಬೆ ತೋರಿಸಿದವನೇ ನಮಗೆ ಬೆನ್ನು ಹಾಕಿ ನಿಂತು ಸಾಸೇಜು ತಿನ್ನುತ್ತಿದ್ದ. ವೈನ್ ಕುಡಿದು ಬನ್ನಿ ಅಂದರೂ ಕದಲುತ್ತಿರಲಿಲ್ಲ. "ಉತ್ತರದವರ ಸೊಕ್ಕು ನೋಡು," ಅಂತ ಮನಸ್ಸಿನಲ್ಲೇ ಬೈದು, ಹೋದ ವರ್ಷ ಅವನ ಬೊಂಬೆಗೆ ಬೇಕೆಂದೇ ಸೊಟ್ಟ ಬಾಯಿ ಬರೆದೆ.

ಈ ಸಲ ಇಮ್ಕೆ ಒಬ್ಬಳೇ ಬಂದಳು. ಮಧ್ಯಾಹ್ನದ ಹೊತ್ತು, ಅಗಲವಾದ ಕಪ್ಪು ಕೋಟು ಹಾಕಿದ್ದಳು.

"ಎಗ್ಗರ್ಟ್ ಮಾರ್ಚಿನಲ್ಲಿ ಹೋಗಿಬಿಟ್ರು, ಜೆನ್ಸಿಯವರೇ. ಅವರದೇ ಮುಖದ ಒಂದು ಬೊಂಬೆ ಬೇಕು. ಇಷ್ಟು ವರ್ಷ ಒಂದೂ ಮಾಡಿಸಿರಲಿಲ್ಲ."

ಜೆನ್ಸಿ ಕೈಯಲ್ಲಿದ್ದ ಬೊಂಬೆ ಕೆಳಗಿಟ್ಟಳು. "ಅಯ್ಯೋ ದೇವರೇ... ಒಂದು ಲೋಟ ಬಿಸಿ ವೈನ್..."

"ಬೇಡಿ, ಇಲ್ಲೇ ಇರ್ತೀನಿ." ಹಾಗೆಂದು ಇಮ್ಕೆ ಗಂಡನ ಹಾಗೇ ನಮಗೆ ಬೆನ್ನು ಹಾಕಿ ನಿಂತುಬಿಟ್ಟಳು.

ಅಷ್ಟರಲ್ಲೇ ಎದುರು ಸಾಲಿನಲ್ಲಿ ಸಮಿತಿಯ ರಿಂಗೆಲ್‌ಮಾನ್ ಮೇಡಂ! ಅಂಗಡಿ ಅಂಗಡಿ ತಪಾಸಣೆ ಮಾಡುತ್ತ ಬರುತ್ತಿದ್ದರು. ಸಂದಿಗೆ ಬಗ್ಗಿ ಪಿಸುಗುಟ್ಟಿದೆ: "ಬೊಂಬೆ ಕೊಡೇ, ಬೇಗ!"

"ಅವನ ಮುಖ ನಿನಗೆ ನೆನಪಿದೆಯೇನೆ?"

ಇರಲಿಲ್ಲ. ಮೊದಲು ಸರಿಯಾಗಿ ನೋಡಿರಲಿಲ್ಲ, ಆಮೇಲೆ ನೋಡಿದ್ದು ಬೆನ್ನನ್ನೇ. "ಯಾವುದೋ ಒಂದು ಬರೀತೀನಿ ಬಿಡು. ಅಕ್ರೋಟು ತಾನೆ!"

ಜೆನ್ಸಿ ಎದ್ದು ನಿಂತಳು. "ಗುಡ್ರುನ್, ಈ ಕಡೆ ಬಾ," ಅಂದಳು, ಚೌಕಕ್ಕೆಲ್ಲ ಕೇಳುವ ಹಾಗೆ. "ನನ್ನ ಪಕ್ಕ ಕೂತು ಬರಿ. ನಾನು ಹೇಳ್ತೀನಿ. ಸತ್ತವನ ಮುಖ ಯಾವುದೋ ಒಂದು ಆಗಬಾರದು."

"ಮೆತ್ತಗೆ ಮಾತಾಡೇ, ಪುಣ್ಯಾತ್ಗಿತ್ತಿ!"

"ಎರಡು ವರ್ಷ ಮೆತ್ತಗೆ ಮಾತಾಡಿದ್ದಾಯ್ತು. ನನಗೆ ಕಣ್ಣು ಕಾಣಲ್ಲ. ಮುಖ ಬರೆಯೋಳು ಇವಳು. ಯಾರು ಬೇಕಾದ್ರೂ ಕೇಳಿಸ್ಕೊಳ್ಳಿ!"

ಮೇಡಂ ಗಕ್ಕನೆ ನಿಂತರು. ಆಮೇಲೆ ನಮ್ಮ ಕಡೆಗೇ ಬಂದರು. ಇನ್ನೇನು ಮುಚ್ಚಿಡುವುದು? ಹೋಗಿ ಜೆನ್ಸಿಯ ಪಕ್ಕ ಕೂತೆ. ಕುಂಚ ಬಣ್ಣಕ್ಕೆ ಅದ್ದಿದೆ. ಅವಳು ಹೇಳತೊಡಗಿದಳು.

"ಎಡಗಣ್ಣು ಸ್ವಲ್ಪ ಸಣ್ಣದು. ನಕ್ಕರೆ ಮುಚ್ಚೇ ಹೋಗೋದು. ಹುಬ್ಬು ಇನ್ನೂ ಮೇಲೆ. ಮೇಲ್ತುಟಿ ಬೇಡ, ಅವನಿಗೆ ಇರಲೇ ಇಲ್ಲ."

ನೋಡನೋಡುತ್ತ ಅಕ್ರೋಟಿನ ಮೇಲೆ ಎಗ್ಗರ್ಟ್ ಬಂದು ಕೂತ. ಮುಗಿಯುವವರೆಗೂ ಮೇಡಂ ಕಾದರು, ಅಷ್ಟು ಒಳ್ಳೆಯತನ ಇತ್ತು. ಆಮೇಲೆ ಕಾಗದ ತೆಗೆದರು. "ಇಷ್ಟು ಜನರ ಮುಂದೆ ಹೇಳಿಬಿಟ್ರಲ್ಲ ಜೆನ್ಸಿ. ನಾನು ಬರೆದುಕೊಳ್ಳಲೇಬೇಕು. ಈ ವರ್ಷ ಮುಗಿಸಿ. ಮುಂದಿನ ವರ್ಷ ಈ ಜಾಗ ಕೊಡೋಕಾಗಲ್ಲ."

ಮೇಡಂ ಆಚೆ ಹೋದ ಮೇಲೆ ಇಮ್ಕೆ ನಮ್ಮ ಕಡೆ ತಿರುಗಿದಳು. ಮುಖ ಬಿಳಿಚಿಕೊಂಡಿತ್ತು.

"ಯಾಕೆ ಹೇಳಿದ್ರಿ? ನಾನು ಬೆನ್ನು ಹಾಕಿ ನಿಂತಿದ್ದು ಯಾತಕ್ಕೆ ಅಂದ್ಕೊಂಡ್ರಿ? ಕೆಳಗಿಂದ ಬೊಂಬೆ ಆ ಕಡೆ ಹೋಗೋದನ್ನ ಎಗ್ಗರ್ಟ್ ಮೊದಲನೇ ಸಲವೇ ನೋಡಿದ್ರು. ನಾವು ಅಡ್ಡ ನಿಲ್ಲೋಣ, ಅವರಿಬ್ಬರೂ ಹೆದರದೆ ಬರ್ಕೊಳ್ಳಲಿ ಅಂದ್ರು. ಇವತ್ತು ಆಯಮ್ಮ ಬರೋದು ಕಂಡೇ ನಾನು ಕೋಟು ಅಗಲ ಮಾಡಿ ನಿಂತಿದ್ದೆ."

ಜೆನ್ಸಿ ಮುಂದಿನ ಹಲಗೆಯನ್ನು ಸವರುತ್ತ ಕೂತಳು. ಈ ಕೊನೇ ಸಂತೆಯೂ ಅರ್ಧ ಕಳೆದಿತ್ತು.

ಇಮ್ಕೆ ಬೊಂಬೆಯನ್ನು ಎರಡೂ ಕೈಯಲ್ಲಿ ತಗೊಂಡು ನನ್ನನ್ನು ನೋಡಿದಳು. "ಹೋದ ವರ್ಷದ್ದನ್ನ ಆಸ್ಪತ್ರೆಯಲ್ಲಿ ಮಂಚದ ಪಕ್ಕದಲ್ಲೇ ಇಟ್ಕೊಂಡಿದ್ರು. ಬಾಯಿ ಸೊಟ್ಟಗಿದೆ ಅಂತ ದಿನಾ ನಗೋರು. ಪಾಪ, ಹೆದರಿಕೆಯಲ್ಲಿ ಕೈ ನಡುಗಿರಬೇಕು ಅನ್ನೋರು."

ಕುಂಚ ತಗೊಂಡು ತೊಳೆಯಲು ಎದ್ದು ಹೋದೆ.