ಮ್ಯಾಟಿನ ಎಂಟನೆಯ ಕೈ

ಪುಣೆಯಲ್ಲಿ ಬಾಡಿಗೆಗೆ ಖೋಲಿ ಕೇಳಲು ಹೋದ ನನಗೆ ಮನೆಯ ಮಾಲೀಕರು ಕೇಳಿದ ಮೊದಲ ಪ್ರಶ್ನೆ, ಸರದಾರರು ತಮ್ಮ ಕ್ರಿಕೆಟ್ ಟೀಮನ್ನು ಮಾರಬೇಕೋ ಮಾರಬಾರದೋ ಎಂಬುದು. ನಾನಿನ್ನೂ ಟ್ರಂಕನ್ನು ಕೆಳಗಿಟ್ಟಿರಲಿಲ್ಲ. ನಮ್ಮ ಬಾಗಲಕೋಟೆಯಲ್ಲಾದರೆ ಯಾರ ಪೈಕಿ, ಯಾವ ಓಣಿ, ಮದುವೆಯಾಗಿದೆಯೇ, ಪಗಾರ ಎಷ್ಟು ಎಂದೆಲ್ಲ ವಿಚಾರಿಸಿ, ನಡುವೆ ಒಂದು ತಂಬಿಗೆ ನೀರು ಕೊಟ್ಟು, ಕೊನೆಗೆ ಖೋಲಿ ಇಲ್ಲವೆಂದು ಹೇಳುತ್ತಾರೆ. ಇಲ್ಲಿ ನೀರೂ ಇಲ್ಲ, ಓಣಿಯ ವಿಚಾರವೂ ಇಲ್ಲ. ಯಾವ ಸರದಾರರು, ಎಂಥ ಟೀಮು, ನನಗೇನು ಗೊತ್ತು? ಮಾರುವುದೆಂದರೆ ಆ ಮನೆಯಲ್ಲೇನೋ ಕೆಟ್ಟದ್ದು ನಡೆದಿರಬೇಕೆಂದುಕೊಂಡು, ಮಾರಬಾರದು ಎಂದೆ. ಬೀಗದ ಕೈ ನನ್ನ ಅಂಗೈಗೆ ಬಂತು.

ಮಾಲೀಕರ ಹೆಸರು ದಾಮುಅಣ್ಣಾ. ಶಾಲಾ ಮಾಸ್ತರಿಕೆಯಿಂದ ನಿವೃತ್ತರು, ಹೆಂಡತಿ ತೀರಿಕೊಂಡವರು. ಅವರದು ಹಳೆಯ ವಾಡೆ. ವಾಡೆಯೆಂದರೆ ನಡುವೆ ಅಂಗಳ, ಸುತ್ತಲೂ ಖೋಲಿಗಳು, ಒಂದೊಂದು ಖೋಲಿಗೆ ಒಂದೊಂದು ಸಂಸಾರ. ಅಂಗಳದ ತೊಟ್ಟಿಗೆ ಕಾತ್ರಜದ ಕೆರೆಯ ನೀರು ಬರುತ್ತದೆ. ಆ ನೀರಿನ ರುಚಿಯ ಮುಂದೆ ನಳದ ನೀರು ನೀರೇ ಅಲ್ಲವೆಂದು ಇಲ್ಲಿಯವರ ವಾದ. ಎಲ್ಲಕ್ಕೂ ಇವರದೊಂದು ವಾದವಿರುತ್ತದೆ. ದಾಮುಅಣ್ಣಾ ಬಾಡಿಗೆದಾರರೊಂದಿಗೆ ಹೆಚ್ಚು ಮಾತಾಡದೆ ಚೀಟಿ ಬರೆದು ಗೋಡೆಗೆ ಅಂಟಿಸುತ್ತಾರೆ. ಮೆಟ್ಟಿಲ ಬಳಿಯ ಚೀಟಿಯಲ್ಲಿ, ಇಲ್ಲಿ ಬಿಟ್ಟ ಚಪ್ಪಲಿ ಕಳೆದುಹೋದರೆ ನನ್ನನ್ನು ಕೇಳಬಾರದು, ಕಾಣುವಂತೆಯೇ ಬರೆದಿದ್ದೇನೆ ಎಂದಿತ್ತು.

ನನ್ನ ಕಚೇರಿ ಭಾಂಬುರ್ಡೆಯಲ್ಲಿ. ಅದನ್ನು ಈಗೀಗ ಶಿವಾಜಿನಗರ ಎನ್ನಲು ಜನ ರೂಢಿ ಮಾಡಿಕೊಳ್ಳುತ್ತಿದ್ದಾರೆ. ನನಗಂತೂ ಹಳೆಯದೂ ಹೊಸದೂ ಒಂದೇ, ಎರಡೂ ಪರವೂರಿನ ಹೆಸರು. ಖೋಲಿ ಹಿಡಿದು, ಎರಡು ತಿಂಗಳು ನೋಡಿ, ಹೆಂಡತಿ ಗಂಗಾಳನ್ನು ಕರೆಸಿಕೊಳ್ಳುವುದೆಂದು ಮಾತು ಕೊಟ್ಟು ಬಂದಿದ್ದೆ. ಎರಡು ಹೋಗಿ ಆರಾದರೂ ಕರೆಸುವ ಧೈರ್ಯ ಬರಲಿಲ್ಲ. ಮರಾಠಿ ಬರುತ್ತದೆಂದೇ ತಿಳಿದಿದ್ದೆ. ಬಂದ ಮೇಲೆ ಗೊತ್ತಾಯಿತು, ನನಗೆ ಬರುತ್ತಿದ್ದುದು ಅರ್ಜಿ ಬರೆಯುವ ಮರಾಠಿ. ಬೆಂಡೆಕಾಯಿ ಕೊಳ್ಳುವ, ಬೈಸಿಕೊಂಡರೆ ತಿರುಗಿ ಬೈಯುವ ಮರಾಠಿ ಬೇರೆ. ಖಾನಾವಳಿಯಲ್ಲಿ ಆಮಟಿ ಎಂಬ ಬೇಳೆಯ ಸಾರಿಗೆ ಬೆಲ್ಲ ಹಾಕುತ್ತಿದ್ದರು. ಸಾರು ಸಿಹಿ, ಮಾತು ಖಾರ. ನಮ್ಮಲ್ಲಿ ಇದರ ತದ್ವಿರುದ್ಧ ಎಂದು ಗಂಗಾಳಿಗೆ ಬರೆದೆ. ಕಚೇರಿ ಬಿಟ್ಟ ಮೇಲೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಪೇಠೆಯಿಂದ ಪೇಠೆಗೆ ಸುಮ್ಮನೆ ನಡೆಯುತ್ತಿದ್ದೆ, ಯಾರಾದರೂ ಎಲ್ಲಿಗೆ ಹೊರಟೆ ಎಂದು ಕೇಳಲಿ ಎಂದು. ಯಾರೂ ಕೇಳಲಿಲ್ಲ.

ಕೊನೆಗೆ ನನ್ನನ್ನು ಕೂರಿಸಿಕೊಂಡದ್ದು ವಾಡೆಯ ಮುಂದಿನ ಕಟ್ಟೆ, ಅದೂ ಆ ಟೀಮಿನ ದೆಸೆಯಿಂದ. ಸರದಾರರಿಗೆ ರಾಜ್ಯ ಇಲ್ಲ, ದಂಡು ಇಲ್ಲ. ಇದ್ದದ್ದು ಒಂದು ದೊಡ್ಡ ವಾಡೆ ಮತ್ತು ಹನ್ನೊಂದು ಆಟಗಾರರು. ಆಟಕ್ಕೆ ಪಗಾರ ಕೊಡುತ್ತೇವೆಂದರೆ ಮರ್ಯಾದೆಗೆ ಕಡಿಮೆಯೆಂದು ಒಬ್ಬೊಬ್ಬನಿಗೂ ಒಂದು ಹುದ್ದೆ. ಒಬ್ಬ ತೋಟದ ಮೇಲ್ವಿಚಾರಕ, ಇನ್ನೊಬ್ಬ ಪುಸ್ತಕಭಂಡಾರದವನು, ಬಿರುಸಿನ ಬೋಲರು ಎರಡು ಕುದುರೆಗಳ ಲಾಯಕ್ಕೆ ಸುಪರಿಂಟೆಂಡೆಂಟು. ಸರದಾರರಿಗೆ ವಯಸ್ಸಾಗಿತ್ತು, ಮಕ್ಕಳಿಗೆ ಆಟದ ಹುಚ್ಚಿರಲಿಲ್ಲ. ಮುಂಬಯಿಯ ಒಬ್ಬ ಗಿರಣಿ ಮಾಲೀಕರು ಇಡೀ ಟೀಮನ್ನು ಕೊಡಿ, ಹೆಸರು ಸಮೇತ ಕೊಂಡೊಯ್ಯುತ್ತೇನೆ ಎಂದಿದ್ದರು. ವರ್ಷದಿಂದ ಕಟ್ಟೆಯ ಮೇಲೆ ಇದೇ ಮಾತು.

ನಮ್ಮೂರ ಕಟ್ಟೆಯ ಮೇಲೆ ಯಾರು ಎಲ್ಲಾದರೂ ಕೂರಬಹುದು, ಊಟದ ಹೊತ್ತಿಗೆ ಜಗಳ ಮುಗಿಯುತ್ತದೆ. ಇಲ್ಲಿ ಒಬ್ಬೊಬ್ಬರಿಗೂ ಒಂದು ಕಲ್ಲು ಕಾಯಂ, ಮತ್ತು ನಿನ್ನೆ ಸಂಜೆ ನಿಂತ ವಾಕ್ಯದಿಂದಲೇ ಇವತ್ತಿನ ಜಗಳ ಶುರು. ದಾಮುಅಣ್ಣಾ ಮಾರಬಾರದೆನ್ನುವ ಪಕ್ಷದ ಮುಖಂಡರು. ಟೀಮು ಪುಣೆಯದು, ಮುಂಬಯಿಗೆ ಹೋದರೆ ಗಿರಣಿಯ ಭೋಂಗಾ ಕೂಗಿದಂತೆ ಕುಣಿಯುವ ಹನ್ನೊಂದು ಕೂಲಿಗಳಾಗುತ್ತಾರೆ, ಅಷ್ಟೆ ಎಂದು ಅವರ ವಾದ. ಎದುರುಪಕ್ಷದವರು ತಪಕೀರಿನ ಅಂಗಡಿಯ ನಾನಾ. ಪ್ರೀತಿಯಿಂದ ರನ್ನು ಬರುವುದಿಲ್ಲ, ಸರದಾರರ ಹೆಸರು ಹೇಳಿಕೊಂಡು ಮೂರು ವರ್ಷ ಸೋತದ್ದು ಸಾಲದೇ, ಶ್ರೀಮಂತರ ಕೈಗೆ ಹೋಗಿ ಗೆಲ್ಲಲಿ ಬಿಡಿ ಎನ್ನುತ್ತಿದ್ದರು. ಇಬ್ಬರೂ ಬಾಲ್ಯಸ್ನೇಹಿತರು. ಒಂದೇ ಡಬ್ಬಿಯ ತಪಕೀರನ್ನು ಮೂಗಿಗೇರಿಸುತ್ತ ಒಬ್ಬರನ್ನೊಬ್ಬರು ದೇಶದ್ರೋಹಿ ಎನ್ನುತ್ತಿದ್ದರು. ನಾನು ಮೂಲೆಯಲ್ಲಿ ನಿಂತು ಕೇಳುತ್ತ ಬೈಗುಳದ ಮರಾಠಿಯನ್ನು ಪೂರ್ತಿ ಕಲಿತೆ.

ಈ ಅಭಿಮಾನಿಗಳಿಗೆ ಒಂದು ಹಕ್ಕಿತ್ತು, ಮ್ಯಾಟು ಎಳೆಯುವ ಹಕ್ಕು. ಇಲ್ಲಿ ಆಟ ನಡೆಯುವುದು ನೆಲದ ಮೇಲೆ ಹಾಸಿದ ತೆಂಗಿನ ನಾರಿನ ಉದ್ದನೆಯ ಚಾಪೆಯ ಮೇಲೆ. ಆಟದ ದಿನ ಬೆಳಿಗ್ಗೆ ಅದಕ್ಕೆ ನೀರು ಚಿಮುಕಿಸಿ, ನಾಲ್ಕು ಮೂಲೆಗೆ ನಾಲ್ವರು, ಬದಿಗೆ ನಾಲ್ವರು ನಿಂತು, ತಮಟೆಯ ಚರ್ಮದಂತೆ ಬಿಗಿಯಾಗುವವರೆಗೆ ಎಳೆದು ಗೂಟ ಬಡಿಯಬೇಕು. ಸಡಿಲಾದರೆ ಚೆಂಡು ಹುಚ್ಚುಹುಚ್ಚಾಗಿ ಏಳುತ್ತದೆ, ಹಲ್ಲು ಹೋಗುತ್ತವೆ. ಆ ಎಂಟು ಕೈಗಳು ಮಾಲಿಗಳವಲ್ಲ, ಕಟ್ಟೆಯವರವು. ಹೊಸಬ ಒಂದು ಹಂಗಾಮು ಪೂರ್ತಿ ನೀರು ಹೊರಬೇಕು. ನಾನು ಹೊತ್ತೆ. ಬಾಗಲಕೋಟೆಯಲ್ಲಿ ಮನೆಗೊಂದು ಕೊಡ ತಾರದವನು ಇಲ್ಲಿ ರವಿವಾರಕ್ಕೆ ಇಪ್ಪತ್ತು ಬಾಲ್ದಿ ಹೊತ್ತೆ. ಎರಡನೆಯ ಹಂಗಾಮಿನಲ್ಲಿ ಎಂಟನೆಯವರು ಮಗಳ ಊರಿಗೆ ಹೋಗಿ ನೆಲೆಸಿದಾಗ, ದಾಮುಅಣ್ಣಾ ಮಾತಿಲ್ಲದೆ ಆಗ್ನೇಯ ಮೂಲೆಯತ್ತ ಗದ್ದ ತೋರಿಸಿದರು. ನಾರು ಅಂಗೈಯನ್ನು ಕಿತ್ತು ರಕ್ತ ಬಂತು. ಅಷ್ಟು ಖುಷಿ ನನಗೆ ನೌಕರಿಯ ಆರ್ಡರು ಬಂದಾಗಲೂ ಆಗಿರಲಿಲ್ಲ. ಅವತ್ತು ಗಂಗಾಳಿಗೆ, ಇನ್ನು ಬರಲು ತಯಾರಿ ಮಾಡಿಕೋ ಎಂದು ಬರೆದೆ.

ಅದೇ ಬೆಳಿಗ್ಗೆ ಇನ್ನೊಂದಾಯಿತು. ಗೂಟ ಬಡಿದು ಬದಿಗೆ ನಿಂತಿದ್ದೆ. ಆ ಲಾಯದ ಸುಪರಿಂಟೆಂಡೆಂಟು ಓಡಿಬಂದು ಚೆಂಡೆಸೆದ, ಅದು ಸ್ಟಂಪಿನ ಪಕ್ಕದಿಂದ ಕೂದಲೆಳೆಯಷ್ಟರಲ್ಲಿ ಹೋಯಿತು. ಅವನು ತನಗೆ ತಾನೇ, "ಎಪ್ಪಾ, ಇನ್ನೊಂದ್ ಚೂರು ಒಳಗ ಬರಬಾರದಿತ್ತೇನು" ಎಂದ. ಕನ್ನಡ! ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ಬಂತು. ಅವನ ಹೆಸರು ಹಣಮಂತಪ್ಪ, ಹುಬ್ಬಳ್ಳಿಯವನು. ಪುಣೆಗೆ ಬಂದು ಒಂಬತ್ತು ವರ್ಷ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಲಾಯದ ಹಿಂದಿನ ಎರಡು ಖೋಲಿಗಳಲ್ಲಿ. ಅಂದಿನಿಂದ ನಾನು ಪೇಠೆ ಸುತ್ತುವುದನ್ನು ಬಿಟ್ಟು ಅವರ ಮನೆಯ ಹೊಸ್ತಿಲಲ್ಲಿ ಕೂರತೊಡಗಿದೆ. ಅವನ ಹೆಂಡತಿ ಕೊಡುತ್ತಿದ್ದ ಜೋಳದ ರೊಟ್ಟಿ, ಅಗಸೆ ಚಟ್ನಿಗೆ ನಾನು ಜನ್ಮಪೂರ್ತಿ ಋಣಿ. ಇಡೀ ಪುಣೆ ಮಾರಾಟದ ಮಾತಾಡುತ್ತಿದ್ದರೂ ಆ ಹೊಸ್ತಿಲಲ್ಲಿ ಮಾತ್ರ ಅದರ ಸುದ್ದಿ ಬರುತ್ತಿರಲಿಲ್ಲ.

ಆಗ ಸರದಾರರಿಂದ ಹೇಳಿಕೆ ಬಂತು. ಪತ್ರಿಕೆಯವರನ್ನೂ ವಕೀಲರನ್ನೂ ನಾನು ಕೇಳುವುದಿಲ್ಲ, ಮ್ಯಾಟು ಎಳೆಯುವ ಎಂಟು ಜನ ಬರಲಿ, ಅವರು ಹೇಳಿದ ಹಾಗೆ ಮಾಡುತ್ತೇನೆ ಎಂದರಂತೆ. ಕಟ್ಟೆಯ ಮೇಲೆ ಆ ಸಂಜೆ ಯಾರೂ ಕೂರಲಿಲ್ಲ, ಎಲ್ಲರೂ ನಿಂತೇ ಕೂಗಾಡಿದರು. ಎಂಟರಲ್ಲಿ ನಾಲ್ವರು ದಾಮುಅಣ್ಣಾರ ಕಡೆ, ಮೂವರು ನಾನಾರ ಕಡೆ. ನನ್ನನ್ನು ಯಾರೂ ಕೇಳಲೇ ಇಲ್ಲ. ಖೋಲಿ ಹಿಡಿಯುವಾಗಲೇ ಉತ್ತರ ಕೊಟ್ಟವನಲ್ಲವೇ ನಾನು.

ಮರುದಿನ ಹಣಮಂತಪ್ಪನ ಹತ್ತಿರ ಹೋಗಿ, ನಿಮ್ಮ ಟೀಮು ಉಳಿಯಿತು ಬಿಡಿ ಎಂದೆ. ಅವನು ಕುದುರೆಯ ಮೈ ತಿಕ್ಕುತ್ತಿದ್ದ, ತಿರುಗಿ ನೋಡಲಿಲ್ಲ.

"ಭುಜ ಇನ್ನ ಎರಡು ವರ್ಷ ನಡೀತೈತ್ರಿ," ಎಂದ. "ಆಮ್ಯಾಲ ಸರದಾರ್ರ ಕುದುರಿಗೆ ನಾ ಯಾಕ ಬೇಕು? ಅವರು ಹೋದ ಮ್ಯಾಲ ಕುದುರಿನೂ ಇರೂದಿಲ್ಲ. ಗಿರಣ್ಯಾಗ ಕಾಯಂ ಕೆಲಸ ಕೊಡ್ತಾರಂತ. ಭುಜ ಹೋದ್ರೂ ಕೆಲಸ ಉಳೀತೈತಿ, ಚಾಳಿನ್ಯಾಗ ಮನಿ ಸಿಗತೈತಿ."

ಮತ್ತೆ ಸರದಾರರಿಗೆ ಯಾಕೆ ಹೇಳಲಿಲ್ಲ ಎಂದೆ.

"ಒಂಬತ್ತು ವರ್ಷ ಅನ್ನ ಹಾಕ್ಯಾರ್ರಿ. ನನ್ನ ಮಾರ್ರಿ ಅಂತ ಹೆಂಗ ಹೇಳ್ಲಿ?"

ನನಗೆ ಸಿಟ್ಟು ಬಂತು. ಅವನ ಮೇಲಲ್ಲ. ಇಷ್ಟು ದಿನ ಅವನ ಮನೆಯ ರೊಟ್ಟಿ ತಿಂದು ಇದೊಂದು ಪ್ರಶ್ನೆ ಕೇಳದ ನನ್ನ ಮೇಲೆ. ಮೂರು ದಿನ ಲೆಕ್ಕ ಹಾಕಿದೆ. ಟೀಮು ಹೋದರೆ ಕಟ್ಟೆ ಹೋಗುತ್ತದೆ, ಮ್ಯಾಟು ಹೋಗುತ್ತದೆ, ಈ ಊರಲ್ಲಿ ಕನ್ನಡ ಆಡುವ ಒಂದೇ ಹೊಸ್ತಿಲೂ ಹೋಗುತ್ತದೆ. ದಾಮುಅಣ್ಣಾ ಸಿಟ್ಟಾದರೆ ಖೋಲಿಯೂ ಹೋಗುತ್ತದೆ, ಅತ್ತ ಗಂಗಾ ಗಂಟು ಕಟ್ಟಿ ಕುಳಿತಿದ್ದಳು. ಕಚೇರಿಯಲ್ಲಿ ಒಂದೇ ಕಾಗದವನ್ನು ಮೂರು ಸಲ ತಪ್ಪು ಬರೆದು ಹೆಡ್‌ಕ್ಲಾರ್ಕರಿಂದ ಬೈಸಿಕೊಂಡೆ.

ಸರದಾರರ ದಿವಾಣಖಾನೆಯಲ್ಲಿ ನಮ್ಮನ್ನು ಮ್ಯಾಟಿನ ಕ್ರಮದಲ್ಲೇ ನಿಲ್ಲಿಸಿದರು. ಮುದುಕರು ಶಾಲು ಹೊದ್ದು ಕುಳಿತಿದ್ದರು. ಒಬ್ಬೊಬ್ಬರೂ ತಮ್ಮ ಮಾತು ಹೇಳಿದರು: ಬೇಡ ಎನ್ನುವವರು ನಾಲ್ವರು, ಕೊಡಿ ಎನ್ನುವವರು ಮೂವರು. ದಾಮುಅಣ್ಣಾ ನಿರಾಳವಾಗಿ ನನ್ನತ್ತ ತಿರುಗಿದರು. ನನ್ನ ಅರ್ಜಿಯ ಮರಾಠಿಯಲ್ಲಿ, "ಮಹಾರಾಜ, ಕೊಡಿ. ಆಡುವವರಿಗೆ ಆಡಿದ ಮೇಲೂ ಒಂದು ಮನೆ ಬೇಕು" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಆದರೆ ಉಳಿದವರಿಗೆ ಕೇಳಿಸಿತು. ಸರದಾರರು, ನೀವೇ ಅರ್ಧರ್ಧ ಆದ ಮೇಲೆ ನಾನೊಬ್ಬ ಹಿಡಿದಿಟ್ಟುಕೊಂಡು ಏನು ಮಾಡಲಿ ಎಂದರು. ಟೀಮು ಹೋಯಿತು.

ಗೆದ್ದ ನಾನಾ ಹೊರಗೆ ಬಂದು ಅತ್ತರು. ಇದು ನನಗೆ ಇವತ್ತಿಗೂ ಬಗೆಹರಿದಿಲ್ಲ. ದಾಮುಅಣ್ಣಾ ಅಳಲಿಲ್ಲ, ಬೈಯಲಿಲ್ಲ, ನನ್ನೊಂದಿಗೆ ಮಾತು ಬಿಟ್ಟರು. ಖೋಲಿ ಖಾಲಿ ಮಾಡಬೇಕೆಂಬ ಚೀಟಿಗಾಗಿ ದಿನಾ ಬೆಳಿಗ್ಗೆ ಬಾಗಿಲು ತೆರೆದು ನೋಡುತ್ತಿದ್ದೆ. ಹದಿನೈದು ದಿನಕ್ಕೆ ಚೀಟಿ ಬಂತು. ಬಾಡಿಗೆದಾರರ ಕುಟುಂಬ ಬರುವುದಿದ್ದಲ್ಲಿ ಹೆಂಗಸರ ಬಚ್ಚಲಿನ ವೇಳೆ ಬೆಳಿಗ್ಗೆ ಆರರಿಂದ ಆರೂವರೆ, ಮೀರಬಾರದು ಎಂದು ಬರೆದಿತ್ತು. ಅದನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡೆ. ಗಂಗಾ ಬಂದಳು. ಹಣಮಂತಪ್ಪನ ಸಂಸಾರ ಅಷ್ಟರಲ್ಲಿ ಮುಂಬಯಿಯ ಗಾಡಿ ಹತ್ತಿಯಾಗಿತ್ತು.

ಮುಂಬಯಿಯ ಮೈದಾನದಲ್ಲಿ ಹುಲ್ಲಿನ ಪಿಚ್ಚು ಇದೆಯಂತೆ, ನಾರಿನ ಮ್ಯಾಟು ಅವರಿಗೆ ಬೇಡವಾಯಿತು. ಸುರುಳಿ ಸುತ್ತಿ ದಾಮುಅಣ್ಣಾರ ಅಂಗಳದಲ್ಲಿಟ್ಟೆವು. ನಾಲ್ಕು ತಿಂಗಳ ಮೇಲೆ ಅದೇ ಟೀಮು, ಗಿರಣಿಯ ಟೋಪಿ ಹಾಕಿಕೊಂಡು, ಪುಣೆಯಲ್ಲಿ ಹುಡುಕಿ ಕೂಡಿಸಿದ ಹನ್ನೊಂದು ಜನರ ವಿರುದ್ಧ ಆಡಲು ಬಂತು. ಕರೆಯದಿದ್ದರೂ ಬೆಳಿಗ್ಗೆ ಮೈದಾನಕ್ಕೆ ಹೋದೆ. ಏಳು ಜನ ಮ್ಯಾಟು ಹಿಡಿದು ನಿಂತಿದ್ದರು. ಆಗ್ನೇಯ ಮೂಲೆ ನೆಲದ ಮೇಲೆ ಬಿದ್ದಿತ್ತು. ನಾನು ಎತ್ತಿಕೊಂಡೆ, ಎಳೆದೆವು.

ಮಧ್ಯಾಹ್ನ ಹಣಮಂತಪ್ಪ ಪುಣೆಯ ಕಪ್ತಾನನ ಮಧ್ಯದ ಸ್ಟಂಪನ್ನೇ ಹಾರಿಸಿದ. ಸುತ್ತಲಿನ ಪುಣೆಯವರು ಕೈ ಕಟ್ಟಿ ಕುಳಿತರು. ನನ್ನ ಕೈಗಳು ತಾವೇ ಮೇಲೆದ್ದು, ಗಾಳಿಯಲ್ಲಿ ನಿಂತುಬಿಟ್ಟವು. ಪಕ್ಕದಲ್ಲಿ ಕುಳಿತ ದಾಮುಅಣ್ಣಾ ಮೈದಾನದಿಂದ ಕಣ್ಣು ತೆಗೆಯದೆ, ನಾಲ್ಕು ತಿಂಗಳಲ್ಲಿ ಮೊದಲ ಸಲ ಮಾತಾಡಿದರು.

"ವಾಜವಾ ಟಾಳ್ಯಾ, ಶ್ರೀನಿವಾಸರಾವ. ತುಮಚಾಚ ಮಾಣೂಸ ಆಹೆ."

ತಟ್ಟಿ ಚಪ್ಪಾಳೆ, ನಿಮ್ಮವನೇ ಅಲ್ಲವೇ ಎಂದು ಅರ್ಥ. ಕುಹಕವಿರಲಿಲ್ಲ ಆ ದನಿಯಲ್ಲಿ, ಅದಕ್ಕೇ ಹೆಚ್ಚು ನೋವಾಯಿತು. ಚಪ್ಪಾಳೆ ತಟ್ಟಿದೆ.

ಸಂಜೆ ಗೂಟ ಕೀಳುತ್ತಿರುವಾಗ ಹಣಮಂತಪ್ಪ ಬಂದ. ಮೈ ತುಂಬಿಕೊಂಡಿದ್ದ, ಕೆಲಸ ಕಾಯಂ ಆಗಿತ್ತು, ಮಕ್ಕಳು ಶಾಲೆಗೆ ಹೋಗುತ್ತಿದ್ದರು. ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ. "ನಿಮ್ಮ ಪುಣೇದವ್ರು ಭಾಳ ಚೊಲೋ ಆಡಿದರ್ರಿ, ನಾವು ಗೆಲ್ತೀವಂತ ಅನ್ನಿಸಿರಲಿಲ್ಲ" ಎಂದ.

ವಾಡೆಗೆ ಬಂದು ತೊಟ್ಟಿಯ ಬಳಿ ಕುಳಿತೆ. ಅಂಗೈಯಲ್ಲಿ ನಾರು ಕೊಯ್ದ ಗಾಯಕ್ಕೆ ಕಾತ್ರಜದ ನೀರು ಉರಿಯುತ್ತಿತ್ತು. ಗಂಗಾ ತಂಬಿಗೆ ಹಿಡಿದು ಬಂದು ಯಾರು ಗೆದ್ದರೆಂದು ಕೇಳಿದಳು.

"ನಾವು," ಎಂದೆ.

"ನಾವಂದ್ರ ಯಾರ್ರಿ?" ಎಂದಳು, ನೀರು ಹಾಕುತ್ತ.

ಇನ್ನೊಂದು ತಂಬಿಗೆ ಹಾಕು ಎಂದು ಕೈ ಚಾಚಿದೆ.