ಎರಡನೆಯ ಪೊಟ್ಟಣ

ಅಲೋಯಿಸ್ ಅವರ ಕೊನೆಯ ಬಿಯರನ್ನು ಕೆಡಿಸಿದವನು ನಾನು. ಆ ತಪ್ಪನ್ನು ಅವರ ತಲೆಗೆ ಕಟ್ಟಿದವನೂ ನಾನೇ. ಅವರು ಹೋಗಿ ಎಷ್ಟೋ ವರ್ಷಗಳಾದವು. ಇವತ್ತಿನವರೆಗೆ ನನ್ನ ಹೆಂಡತಿಗೂ ಇದನ್ನು ಹೇಳಿಲ್ಲ.

ಅರವತ್ತರ ದಶಕದ ಕೊನೆ. ರಸಾಯನಶಾಸ್ತ್ರದ ಸಂಶೋಧನೆಗೆಂದು ಮ್ಯೂನಿಕ್‌ಗೆ ಬಂದಿದ್ದ ನಾನು, ಅಲೋಯಿಸ್ ಮತ್ತು ಅವರ ಹೆಂಡತಿ ರೇಸಿಯವರ ಮನೆಯ ಅಟ್ಟದ ಕೋಣೆಯಲ್ಲಿ ಬಾಡಿಗೆಗಿದ್ದೆ. ಅಲೋಯಿಸ್ ಬಿಯರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ವರ್ಷಕ್ಕೊಮ್ಮೆ, ತಮ್ಮ ಹುಟ್ಟುಹಬ್ಬಕ್ಕೆಂದು, ನೆಲಮಾಳಿಗೆಯಲ್ಲಿ ಬಟ್ಟೆ ಕುದಿಸುವ ತಾಮ್ರದ ಹಂಡೆಯಲ್ಲೇ ಬಿಯರ್ ಕಾಯಿಸುತ್ತಿದ್ದರು. ನಾನು ಬಿಯರ್ ಬಾಯಿಗಿಟ್ಟವನಲ್ಲ — ಅಮ್ಮನಿಗೆ ಮಾತು ಕೊಟ್ಟು ಬಂದಿದ್ದೆ. ಆದರೂ ನನ್ನನ್ನು ಹಂಡೆಯ ಪಕ್ಕ ಕೂರಿಸಿಕೊಳ್ಳುವುದೆಂದರೆ ಅವರಿಗೆ ಖುಷಿ.

ಆ ವರ್ಷ ಬಿಯರಿಗೆ ಹಾಕುವ ಒಣಗಿದ ಹಾಪ್ಸ್ ಹೂವಿನ ಎರಡು ಪೊಟ್ಟಣ ತೆಗೆದಿಟ್ಟರು. ಮೊದಲನೆಯದು ಕಹಿಗೆ, ಕುದಿ ಬಂದ ಕೂಡಲೇ ಹಾಕಬೇಕು. ಎರಡನೆಯದು ಪರಿಮಳಕ್ಕೆ, ಗಂಟೆಹೊತ್ತು ಕುದಿಸಿ, ಒಲೆ ಆರಿಸಲು ಐದು ನಿಮಿಷ ಇರುವಾಗ ಹಾಕಬೇಕು. ಇಷ್ಟು ಹೇಳಿ, ಕುರ್ಚಿಯಲ್ಲೇ ಕಣ್ಣು ಮುಚ್ಚಿದರು. ಕುದಿ ಬಂತು. ನಾನು ಎರಡನ್ನೂ ಸುರಿದುಬಿಟ್ಟೆ. ನಮ್ಮಜ್ಜಿ ಕಷಾಯಕ್ಕೆ ಎಲ್ಲವನ್ನೂ ಮೊದಲೇ ಹಾಕಿ, ನಾಲ್ಕು ಲೋಟ ಒಂದು ಲೋಟವಾಗುವ ತನಕ ಬತ್ತಿಸುತ್ತಿದ್ದಳು. ಐದೇ ನಿಮಿಷದಲ್ಲಿ ಏನು ಸತ್ವ ಬಿಟ್ಟೀತು ಎಂದುಕೊಂಡೆ. ರಸಾಯನಶಾಸ್ತ್ರ ಓದಿದ ಮಹಾ ಜಾಣ ನಾನು.

ಅವರಿಗೆ ಎಚ್ಚರವಾದಾಗ ಐದು ನಿಮಿಷ ಬಾಕಿಯಿತ್ತು. ಖಾಲಿ ಪೊಟ್ಟಣ ಎತ್ತಿ ನೋಡಿ, ಇದನ್ನು ಹಾಕಿದ್ದು ಯಾರು ಎಂದು ಕೇಳಿದರು. ಬೈಯುವ ದನಿಯೇನಲ್ಲ. ಆದರೂ ತಪ್ಪಾಯಿತು ಎನ್ನಲು ನನಗೆ ನಾಲಿಗೆ ಏಳಲಿಲ್ಲ —

"ಕುದಿ ಬಂದಾಗ ಎದ್ದು ನೀವೇ ಎರಡನ್ನೂ ಹಾಕಿದಿರಲ್ಲ."

ಅವರು ಪೊಟ್ಟಣವನ್ನೇ ನೋಡುತ್ತ ಕೂತರು. ಅವರ ಪಾಲಿಗೆ, ಜೀವಮಾನವೆಲ್ಲ ಮಾಡಿದ ಕೆಲಸದಲ್ಲಿ ಕೈ ತಪ್ಪಿತ್ತು, ತಪ್ಪಿದ್ದರ ನೆನಪೂ ಇರಲಿಲ್ಲ.

ಹುಟ್ಟುಹಬ್ಬದ ದಿನ ಕಾರ್ಖಾನೆಯ ಹಳೆಯ ಗೆಳೆಯರು ಒಂದೊಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಕಹಿಯೋ ಕಹಿ, ಪರಿಮಳದ ಸುಳಿವೇ ಇಲ್ಲ. ಅಲೋಯಿಸ್ ತಾವಾಗಿಯೇ ಎದ್ದು ನಿಂತು, ತಲೆ ಮೊದಲಿನಂತಿಲ್ಲ, ಕ್ಷಮಿಸಿ ಎಂದರು. ನಾನು ಅಲ್ಲೇ ಸೇಬಿನ ರಸ ಹಿಡಿದು ಕೂತಿದ್ದೆ. ಆಗಲಾದರೂ ಹೇಳಬಹುದಿತ್ತು.

ಆಮೇಲೆ ಅವರು ಹಂಡೆ ಮುಟ್ಟಲಿಲ್ಲ. ಸೈಕಲ್ ಬಿಟ್ಟರು, ಇಸ್ಪೀಟು ಬಿಟ್ಟರು. ಒಲೆ ಆರಿಸಿದೆನಾ, ಬೀಗ ಹಾಕಿದೆನಾ ಎಂದು ರೇಸಿಯವರನ್ನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ಆರಿಸಿರುತ್ತಿದ್ದರು, ಬೀಗವನ್ನೂ ಹಾಕಿರುತ್ತಿದ್ದರು. ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದೆ — ಪ್ರತಿಸಲವೂ ನಾಳೆ ಹೇಳೋಣ, ನಾಳೆ —

ಮೂರು ವರ್ಷದ ಮೇಲೆ, ವೃದ್ಧಾಶ್ರಮದಲ್ಲಿ ಅಲೋಯಿಸ್ ಅವರ ಹಾಸಿಗೆಯ ಪಕ್ಕ ಕೂತು, ರೇಸಿಯವರ ಎದುರಿಗೇ ಕೊನೆಗೂ ಬಾಯಿಬಿಟ್ಟೆ. ಹಾಕಿದ್ದು ನಾನು, ನೀವು ನಿದ್ದೆಯಲ್ಲಿದ್ದಿರಿ, ನಿಮ್ಮ ತಲೆ ಸರಿಯಾಗಿಯೇ ಇತ್ತು ಎಂದೆ. ಪೂರ್ತಿ ಕೇಳಿಸಿಕೊಂಡು ನನ್ನ ಕೈ ತಟ್ಟಿದರು.

"ನೀನು ಒಳ್ಳೆಯವನಪ್ಪ. ಮುದುಕನ ಸಮಾಧಾನಕ್ಕೆ ಸುಳ್ಳು ಹೇಳ್ತಿದ್ದೀಯ."

ಮತ್ತೆ ಮತ್ತೆ ಹೇಳಿದೆ. ನಂಬಲಿಲ್ಲ. ಆ ವಾರವೇ ತೀರಿಕೊಂಡರು.

ಮಣ್ಣು ಮಾಡಿದ ದಿನ ರೇಸಿ ಬಂದವರಿಗೆಲ್ಲ ನನ್ನನ್ನು ತೋರಿಸಿ, ಗಂಡನ ಮನಸ್ಸು ನೋಯಬಾರದೆಂದು ಅವರ ತಪ್ಪನ್ನು ತನ್ನ ಮೇಲೆ ಹಾಕಿಕೊಂಡವನು ಇವನೇ ಎಂದರು. ನಾನು ತಲೆ ತಗ್ಗಿಸಿ ನಿಂತೆ. ಅದನ್ನೂ ಅವರೆಲ್ಲ ವಿನಯವೆಂದುಕೊಂಡರು.